ಉಡಿ ಹಿಡಿದ ಎರಡು ಕೈ

ಆ ಹುಡುಗಿ ಮೊದಲ ಸಲ ನನ್ನ ಕುರ್ಚಿಯಲ್ಲಿ ಒರಗಿದಾಗ ಬಾಯಿ ತೆರೆಯಲಿಲ್ಲ. ಹಲ್ಲಿನ ಡಾಕ್ಟರ ಮುಂದೆ ಬಾಯಿ ಬಿಗಿಹಿಡಿಯುವವರು ನನಗೆ ಹೊಸಬರಲ್ಲ. ಗಿರಿಜಾ ಮೀಸೆಯ ಗೌಡರೊಬ್ಬರು ಸೂಜಿ ಕಂಡ ಕೂಡಲೇ ಚಪ್ಪಲಿ ಬಿಟ್ಟು ಓಡಿದ್ದೂ ಉಂಟು. ಇವಳಿಗೆ ಸೂಜಿಯ ಭಯವಿರಲಿಲ್ಲ. ಬಲಗೈ ಬೆರಳುಗಳನ್ನು ಜೋಡಿಸಿ ತುಟಿಯ ಮುಂದೆ ಹಿಡಿದಿದ್ದಳು. ಹೆಸರು ಕೇಳಿದರೆ ಆ ಕೈಯ ಹಿಂದಿನಿಂದಲೇ ಹೇಳಿದಳು. ಮಿಕ್ಕ ಮಾತೆಲ್ಲ ಅವಳ ಸೋದರಮಾವನದೇ.

“ನೋಡ್ರಿ ಡಾಕ್ಟ್ರಮ್ಮ, ಮ್ಯಾಲಿನ ಆರು ಹಲ್ಲಿಗೆ ಕ್ಯಾಪ್ ಹಾಕಿಬಿಡ್ರಿ. ಹಾಲಿನಂಗ ಬೆಳ್ಳಗ ಇರಬೇಕು. ಇನ್ನ ಹದಿನೈದು ದಿನಕ್ಕ ನಿಶ್ಚಯ ಐತಿ.”

“ಮೊದಲು ನೋಡಬೇಕಲ್ಲರಿ. ಕೈ ತಗಿಯವ್ವ,” ಎಂದೆ.

ಅವಳು ಪಕ್ಕದಲ್ಲಿ ನಿಂತಿದ್ದ ತಾಯಿಯ ಮುಖ ನೋಡಿದಳು. ತಾಯಿ ತಲೆಯಾಡಿಸಿದ ಮೇಲೆ ಕೈ ಮೆಲ್ಲಗೆ ಇಳಿಯಿತು.

ಮುಂದಿನ ನಾಲ್ಕು ಹಲ್ಲುಗಳಿಗೆ ಅಡ್ಡಡ್ಡ ಕಂದು ಪಟ್ಟಿ, ನಡುನಡುವೆ ಸುಣ್ಣದಂಥ ಬಿಳಿ ಮಚ್ಚೆ. ಎರಡು ಹಲ್ಲಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಗುಳಿ. ಕಡ್ಡಿಯಿಂದ ತಟ್ಟಿ ನೋಡಿದೆ, ತಣ್ಣನೆಯ ಹತ್ತಿ ಮುಟ್ಟಿಸಿ ನೋಡಿದೆ. ಒಂದೂ ಹುಳುಕಿಲ್ಲ, ಒಂದೂ ಅಲುಗುವುದಿಲ್ಲ. ರೊಟ್ಟಿ ತಿಂದು ಬೆಳೆದ ಗಟ್ಟಿ ಹಲ್ಲುಗಳು.

ಕೊಟ್ಟೂರಿನಲ್ಲಿ ಇಷ್ಟು ವರ್ಷ ಕೂತ ಮೇಲೆ, ಬಾಯಿ ನೋಡಿದರೆ ಸಾಕು, ಯಾವ ನೀರು ಕುಡಿದು ಬೆಳೆದವರೆಂದು ನನಗೆ ತಿಳಿಯುತ್ತದೆ. ಕೂಡ್ಲಿಗಿ ಕಡೆಯ ಎಷ್ಟೋ ಊರುಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಾಲುಹಲ್ಲು ಬೀಳುವ ಮೊದಲು, ಒಸಡಿನೊಳಗೆ ದೊಡ್ಡ ಹಲ್ಲು ಇನ್ನೂ ತಯಾರಾಗುತ್ತಿರುವಾಗ ಆ ನೀರು ಕುಡಿದರೆ ಮೇಲ್ಪದರ ಸರಿಯಾಗಿ ಕೂಡುವುದಿಲ್ಲ. ಆಮೇಲೆ ಅಲ್ಲಿ ಬಣ್ಣ ಹತ್ತುತ್ತದೆ. ಎಷ್ಟು ಉಜ್ಜಿದರೂ ಹೋಗದು. ಹೊಳೆ ದಂಡೆಯ ಹಂಪಸಾಗರದ ಕಡೆಯವರು ಬಾಯಿ ತೆರೆದರೆ ನಮ್ಮ ಕಡೆಯವರಿಗೆ ಹೊಟ್ಟೆಕಿಚ್ಚು ಆಗಬೇಕು, ಅಷ್ಟು ಬಿಳಿ. ಹೆಣ್ಣು ನೋಡಲು ಬಂದವರು ಯಾವ ನೀರು ಕುಡಿದೆ ಎಂದು ಯಾಕೆ ಕೇಳುತ್ತಾರೆ? ಹಲ್ಲು ನೋಡಿ, ಹೊಲಸು ಹುಡುಗಿ ಎಂದುಕೊಂಡು ಚಹಾ ಕುಡಿದು ಹೋಗುತ್ತಾರೆ. ಇವಳನ್ನು ಹಾಗೆ ಇಬ್ಬರು ಬಿಟ್ಟು ಹೋಗಿದ್ದರು. ಮೂರನೆಯದು ಈ ಹಂಪಸಾಗರದ ಸಂಬಂಧ. ಹುಡುಗನದು ಪಂಪ್‌ಸೆಟ್ ಅಂಗಡಿ.

“ಅವ್ರು ಬಂದಾಗ ಹಲ್ಲು ನೋಡಲಿಲ್ಲೇನು?” ಎಂದು ಕೇಳಿದೆ.

ತಾಯಿಯ ಮುಖ ಅರಳಿತು. “ಎಲ್ಲೀದು ಬಿಡ್ರಿ! ಕೈ ಅಡ್ಡ ಹಿಡಿದ ಮಾತಾಡಿದ್ಲು, ಕೈ ಅಡ್ಡ ಹಿಡಿದ ನಕ್ಕಳು. ಬೀಗತಿ ಆಗೋರು ಅದನ್ನ ನೋಡಿ ‘ಎಷ್ಟ ನಯ ಐತಿ ಹುಡುಗಿಗೆ, ಈಗಿನ ಕಾಲದಾಗ ಎಲ್ಲಿ ಸಿಗ್ತಾವ ಇಂಥಾವು’ ಅಂದ್ರು.”

ನನಗೆ ನಗು ಬಂತು, ಸಿಟ್ಟೂ ಬಂತು. ನಗುವ ಹೆಂಗಸನ್ನು ನಂಬಬಾರದು ಎಂಬ ಗಾದೆ ಇರುವ ನಾಡಿದು. ಇಲ್ಲಿ ನಾಚಿಕೆ ನಯವಾಗಿ ಕಂಡರೆ ಆಶ್ಚರ್ಯವೇನು? ಮಾಸ್ಕಿನೊಳಗೇ ತುಟಿ ಕಚ್ಚಿಕೊಂಡೆ. ಕ್ಲಿನಿಕ್ಕಿನಲ್ಲಿ ನಾನು ಮಾಸ್ಕ್ ತೆಗೆಯುವುದು ಕಡಿಮೆ.

ಪದ್ಧತಿಯಂತೆ ಫೋಟೊ ತೆಗೆದೆ. ತುಟಿಗಳನ್ನು ಎರಡೂ ಕಡೆ ಎಳೆದು ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ ಹಾಕಿದರೆ ಹಲ್ಲು, ಒಸಡು ಎಲ್ಲ ಬಯಲು. ಆ ಫೋಟೊದಲ್ಲಿ ಯಾವ ಸುಂದರಿಯೂ ಸುಂದರಿಯಾಗಿ ಉಳಿಯುವುದಿಲ್ಲ. ಆಮೇಲೆ ಸೋದರಮಾವನಿಗೆ ಹೇಳಿದೆ, ಕ್ಯಾಪ್ ಹಾಕುವುದಿಲ್ಲ ಎಂದು. ಕ್ಯಾಪ್ ಕೂರಬೇಕಾದರೆ ಒಳ್ಳೆಯ ಹಲ್ಲನ್ನು ಸುತ್ತಲೂ ಕೊರೆದು ಮೊಳೆಯಷ್ಟು ಮಾಡಬೇಕು. ಒಮ್ಮೆ ಕೊರೆದದ್ದು ಮತ್ತೆ ಬೆಳೆಯದು.

“ಅಕ್ಕಪಕ್ಕದೂರಾಗ ಎಲ್ಲಾರೂ ಹಾಕ್ತಾರಲ್ಲರಿ,” ಎಂದ ಆತ.

“ಹಳೇ ಗ್ವಾಡಿ ಅಲ್ಲರಿ ಇದು, ಕೆರೆದು ಸುಣ್ಣ ಹೊಡಿಯಾಕ,” ಎಂದು ಗದರಿದೆ. ನನ್ನ ಬಾಯಿ ಸ್ವಲ್ಪ ಜೋರು, ಊರಿಗೇ ಗೊತ್ತು.

ಗದರಿದ್ದಕ್ಕೋ ಏನೋ, ಅವರಿಬ್ಬರೂ ಹೊರಗಿನ ಬೆಂಚಿಗೆ ಹೋದರು. ಆಗ ಹುಡುಗಿ ತಾನಾಗಿ ಮಾತಾಡಿದಳು. ತನ್ನೂರಿನ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಂತೆ, ಮೂರನೇ ತರಗತಿಗೆ ಪಾಠ.

“ಮಕ್ಕಳ ಮುಂದೂ ಹಿಂಗ ಕೈ ಹಿಡಕೊಂಡ ಪಾಠ ಹೇಳ್ತೀಯೇನು?”

“ಇಲ್ಲರಿ. ಶಾಲ್ಯಾಗ ಎಲ್ಲಾರ ಹಲ್ಲೂ ಹಿಂಗ ಅದಾವು. ಅಲ್ಲಿ ನಂಗ ನೆನಪ ಇರಂಗಿಲ್ಲ.” ಆಮೇಲೆ ಹೇಳಿದಳು, “ಬ್ಯಾರೆ ಎಲ್ಲಾ ಹೆಂಗರ ನಡೀತೈತ್ರಿ. ನಿಶ್ಚಯದಾಗ ಉಡಿ ತುಂಬತಾರಲ್ಲರಿ. ಎರಡೂ ಕೈಲೆ ಸೆರಗು ಹಿಡೀಬೇಕು. ಆಗ ಬಾಯಿಗೆ ಯಾವ ಕೈ ಇಡ್ಲಿ?”

ಅಷ್ಟು ದಿನ ಅವಳು ಲೆಕ್ಕ ಹಾಕುತ್ತಿದ್ದದ್ದು ಅದೊಂದನ್ನೇ. ಎದುರಿಗೆ ಬೀಗರು, ಕ್ಯಾಮೆರಾ. ಉಡಿಯಲ್ಲಿ ಅಕ್ಕಿ, ಕಾಯಿ. ಕೈ ಎತ್ತಿದರೆ ಉಡಿ ಚೆಲ್ಲುತ್ತದೆ, ಅಪಶಕುನ. ಎತ್ತದಿದ್ದರೆ ಹಲ್ಲು ಕಾಣುತ್ತದೆ. “ಹದಿನೈದು ದಿನದಾಗ ಏನಾಕ್ಕೈತಿ ನೋಡೋಣ,” ಎಂದೆ. ಅಷ್ಟು ಹೇಳಬಾರದಿತ್ತು. ಒಮ್ಮೆ ಹೇಳಿದ ಮೇಲೆ ಆ ದಿನಗಳು ನನ್ನ ಕುತ್ತಿಗೆಗೂ ಬಿದ್ದವು.

ಮೂರನೆಯ ದಿನ ಮೊದಲ ಕೆಲಸ. ಒಸಡು, ತುಟಿಗೆ ತಾಗದಂತೆ ರಬ್ಬರ್ ಹಾಳೆ ಬಿಗಿದು, ಅದರ ತೂತುಗಳಿಂದ ಆರು ಹಲ್ಲುಗಳನ್ನು ಮಾತ್ರ ಹೊರಗೆ ತೆಗೆದೆ. ಸೌಮ್ಯ ಆಮ್ಲ ಮತ್ತು ನುಣ್ಣನೆಯ ತಿಕ್ಕುಪುಡಿ ಕಲಸಿದ ಮುಲಾಮನ್ನು ಸಣ್ಣ ರಬ್ಬರ್ ಬಟ್ಟಲಿನಿಂದ ಒಂದೊಂದು ಹಲ್ಲಿಗೂ ಕೆಲವೇ ಸೆಕೆಂಡು ಉಜ್ಜುವುದು, ತೊಳೆಯುವುದು, ನೋಡುವುದು, ಮತ್ತೆ ಉಜ್ಜುವುದು. ಕೂದಲೆಳೆಯಷ್ಟು ಪದರ ಮಾತ್ರ ಹೋಗಬೇಕು. ನನ್ನ ಸಹಾಯಕಿ ಗಡಿಯಾರ ನೋಡಿ ಎಣಿಸುತ್ತಿದ್ದಳು. ಒಂದು ಗಂಟೆಯ ಮೇಲೆ ಕಂದು ಪಟ್ಟಿ ಅರ್ಧಕ್ಕರ್ಧ ತಿಳಿಯಾಗಿತ್ತು. ಕನ್ನಡಿ ಕೊಟ್ಟಾಗ ಹುಡುಗಿ ಬಹಳ ಹೊತ್ತು ನೋಡಿಕೊಂಡಳು. ಸಹಾಯಕಿ “ಕೂಸು ಹುಟ್ಟೋಕ ಮುಂಚೆ ಕುಲಾವಿ ಹೊಲಿಬ್ಯಾಡ ತಾಯಿ, ಇನ್ನ ಐತಿ ಕೆಲಸ” ಎಂದು ಚೇಷ್ಟೆ ಮಾಡಿದಳು. ಆ ದಿನ ನಾವು ಮೂವರೂ ಖುಷಿಯಾಗಿದ್ದೆವು.

ಮುಂದಿನ ಹೆಜ್ಜೆ ಬಣ್ಣ ತಿಳಿಗೊಳಿಸುವ ಜೆಲ್. ಅದಕ್ಕೆ ಮೊದಲು ಒಂದೆರಡು ವಾರ ಹಲ್ಲಿಗೆ ವಿಶ್ರಾಂತಿ ಕೊಡಬೇಕು. ನಾನು ಕೊಟ್ಟದ್ದು ಮೂರು ದಿನ. ಆರನೆಯ ದಿನ ಬೆಳಿಗ್ಗೆ ಒಸಡಿನ ಅಂಚಿಗೆ ರಕ್ಷಣೆಯ ಅಂಟು ಹಚ್ಚಿ, ನೀಲಿ ಬೆಳಕಿನಲ್ಲಿ ಗಟ್ಟಿ ಮಾಡಿ, ಹಲ್ಲಿನ ಮೇಲೆ ಜೆಲ್ ಹರಡಿದೆ. ಹೊರಗೆ ರೋಗಿಗಳ ಸಾಲು. ಎಡಗಡೆಯ ಕೋರೆಹಲ್ಲಿನ ಹತ್ತಿರ ಅಂಟು ಸರಿಯಾಗಿ ಕೂತಿರಲಿಲ್ಲ, ನಾನು ಮತ್ತೊಮ್ಮೆ ನೋಡಲಿಲ್ಲ. “ಉರೀತೈತೇನು?” ಎಂದು ಕೇಳಿದಾಗ ಅವಳು ಇಲ್ಲವೆಂದು ತಲೆಯಾಡಿಸಿದಳು. ಬಿಳಿಯಾಗುತ್ತದೆಂದರೆ ಉರಿಯನ್ನೂ ನುಂಗುವ ಹುಡುಗಿ ಅವಳು. ಅದನ್ನು ನಾನು ತಿಳಿಯಬೇಕಿತ್ತು.

ಮರುದಿನ ಬಾಗಿಲು ತೆಗೆಯುವ ಹೊತ್ತಿಗೇ ಬಂದು ಕೂತಿದ್ದಳು. ಒಸಡು ಎರಡು ಕಡೆ ಸುಟ್ಟು ಬೆಳ್ಳಗೆ ಬೊಬ್ಬೆಯಾಗಿತ್ತು. ನೀರು ಕುಡಿದರೆ ಝುಮ್ಮೆಂದು ತಲೆಗೇರುತ್ತದೆ, ಉಸಿರೆಳೆದರೂ ನೋವು ಎಂದಳು. ಅದಕ್ಕಿಂತ ಕೆಟ್ಟದ್ದು ಬೇರೆ. ಕಂದು ಇನ್ನಷ್ಟು ತಿಳಿಯಾಗಿತ್ತು ನಿಜ, ಆದರೆ ಸುಣ್ಣದ ಮಚ್ಚೆಗಳು ಎದ್ದು ಕಾಣುತ್ತಿದ್ದವು. ಮೊದಲು ಒಂದು ಬಣ್ಣದ ಕಲೆ ಇತ್ತು, ಈಗ ಎರಡು.

“ಹಲ್ಲು ಒಣಗಿದಾಗ ಹಂಗ ಕಾಣ್ತೈತಿ, ಕೆಲವು ದಿನ ಹೋದ್ರ ಕಮ್ಮಿ ಆಕ್ಕೈತಿ,” ಎಂದೆ. ಹೇಳಿದ್ದು ಸುಳ್ಳಲ್ಲ. ಆದರೆ ನನ್ನ ದನಿ ನನಗೇ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಕೇಳಿಸಿತು. ಒಸಡಿಗೆ ಮದ್ದು ಹಚ್ಚಿ, ಝುಮ್ಮೆನ್ನುವುದಕ್ಕೆ ಪೇಸ್ಟ್ ಕೊಟ್ಟು ಕಳಿಸಿದೆ. ತಪ್ಪು ನನ್ನದೇ, ಅವಸರ ಮಾಡಿದೆ ಎಂದು ತಾಯಿಗೂ ಹೇಳಿದೆ. ಆಕೆ ಪೇಸ್ಟನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಎದ್ದಳು. ಬೈದಿದ್ದರೆ ವಾಸಿಯಿತ್ತು.

ಒಂಬತ್ತನೆಯ ದಿನ ಸೋದರಮಾವ ಒಬ್ಬನೇ ಮೊದಲು ಒಳಗೆ ಬಂದ. ಈ ಸಲ ಹುಕುಮಿನ ದನಿಯಿರಲಿಲ್ಲ.

“ಡಾಕ್ಟ್ರಮ್ಮ, ನಿಮ್ಮ ಮಾತ ಕೇಳಿದ್ವಿ. ಏನಾತು ನೀವ ನೋಡೀರಿ. ಬ್ಯಾರೆ ಊರಾಗ ಒಬ್ರು ಎರಡ ದಿನದಾಗ ಕ್ಯಾಪ್ ಹಾಕಿ ಕೊಡ್ತೀನಿ ಅಂದಾರ. ನೀವ ಹಾಕ್ತೀರೋ, ಅಲ್ಲಿಗೆ ಕರಕೊಂಡ ಹೋಗ್ಲೋ?”

ಅತ್ತ ದರಿ, ಇತ್ತ ಪುಲಿ. ನಾನು ಒಲ್ಲೆನೆಂದರೆ ಇನ್ನೊಬ್ಬರು ಕೊರೆಯುತ್ತಾರೆ, ಅದೂ ಎರಡೇ ದಿನದಲ್ಲಿ. ನಾನಾದರೆ ಕಡಿಮೆ ಕೊರೆದೇನು, ನರ ಉಳಿಸಿಯೇನು. ಸುಟ್ಟ ಒಸಡಿನ ಋಣ ಬೇರೆ. ಆರು ದಿನ ಉಳಿದಿತ್ತು. ದಾವಣಗೆರೆಯ ಲ್ಯಾಬಿಗೆ ಅಚ್ಚು ಕಳಿಸಿದರೆ ಮೂರು ದಿನದಲ್ಲಿ ಕ್ಯಾಪ್ ಬರುತ್ತದೆ. ಹೂಂ ಎಂದೆ.

ಹುಡುಗಿಯನ್ನು ಒರಗಿಸಿ ಎರಡೂ ಕಡೆ ಮರಗಟ್ಟುವ ಇಂಜೆಕ್ಷನ್ ಕೊಟ್ಟೆ. ಅದು ಹಿಡಿಯುವತನಕ ಬಣ್ಣ ಆರಿಸಲು ಮಾದರಿ ಹಲ್ಲುಗಳ ಪಟ್ಟಿ ಅವಳ ಕೈಗಿತ್ತೆ. ಹಳದಿ ಛಾಯೆಯಿಂದ ಬಿಳಿಯವರೆಗೆ ಸಾಲಾಗಿ ಹಲ್ಲುಗಳಿರುತ್ತವೆ. ಮನುಷ್ಯರ ಹಲ್ಲು ಬಹುಮಟ್ಟಿಗೆ ನಡುವಿನವು. ಅವಳು ನಡುವೆ ಕಣ್ಣನ್ನೂ ಹಾಯಿಸದೆ ತುದಿಯ ಅಚ್ಚ ಬಿಳಿಯದನ್ನು ಹಿಡಿದಳು. ಯಾರ ಬಾಯಲ್ಲೂ ಹುಟ್ಟದ ಬಣ್ಣ ಅದು.

ಸಹಾಯಕಿ ಕೊರೆಯುವ ಯಂತ್ರಕ್ಕೆ ವಜ್ರದ ಸೂಜಿ ಸಿಗಿಸಿ ಕೊಟ್ಟಳು. ಕಾಲಲ್ಲಿ ಪೆಡಲ್ ಒತ್ತಿ ನೀರು ಬರುವುದನ್ನು ಪರೀಕ್ಷಿಸಿದೆ. ಕಿರ್ರೆಂದು ತಿರುಗಿತು. ಆಗ ಅವಳು ಕೊನೆಯದಾಗಿ ಒಮ್ಮೆ ಕನ್ನಡಿ ಕೇಳಿದಳು. ತುಟಿ ಮರಗಟ್ಟಿ ಜೋತುಬಿದ್ದಿತ್ತು. ಆ ಬಿಳಿ ಮಾದರಿಯನ್ನು ತನ್ನ ಹಲ್ಲಿನ ಮುಂದೆ ಹಿಡಿದು ನೋಡಿಕೊಂಡಳು. ಹೊಸ ಹಲ್ಲು ಹೇಗೆ ಕಾಣುತ್ತದೆಂದು ಕಂಡಿರಬೇಕು, ನಗಲು ಹೋದಳು. ನಗುವ ಮೊದಲೇ ಬಲಗೈ ಎದ್ದು ಬಾಯಿ ಮುಚ್ಚಿತು. ಬಿಳಿ ಹಲ್ಲೂ ಆ ಕೈಯ ಹಿಂದೆ ಹೋಯಿತು.

ನನ್ನ ಕಾಲು ತಾನಾಗಿ ಪೆಡಲಿನಿಂದ ಎದ್ದಿತು.

ಆ ಕೈ ನನಗೆ ಗೊತ್ತು. ನಾನೂ ಅದೇ ನೀರು ಕುಡಿದವಳು. ಡೆಂಟಲ್ ಕಾಲೇಜಿನ ಎರಡನೇ ವರ್ಷದಲ್ಲಿ, ಬೇರೆ ಊರುಗಳ ಗೆಳತಿಯರ ನಡುವೆ ನಗಲಾರದೆ, ಸೀನಿಯರ್ ಒಬ್ಬರಿಂದ ನಾಲ್ಕು ಹಲ್ಲು ಕೊರೆಸಿಕೊಂಡೆ. ಎಷ್ಟು ಬಿಳಿ ಬೇಕೆಂದಾಗ ನಾನೂ ತುದಿಯದನ್ನೇ ಹಿಡಿದಿದ್ದೆ. ಆಮೇಲೆ ಒಂದಕ್ಕೆ ಕೀವು, ಬೇರಿನ ಚಿಕಿತ್ಸೆ. ಇನ್ನೊಂದನ್ನು ಕಿತ್ತದ್ದಾಯಿತು. ಒಸಡು ಸರಿದು ಕ್ಯಾಪಿನ ಅಂಚಿನಲ್ಲಿ ಬೂದು ಗೆರೆ ಕಾಣುತ್ತದೆ. ಇದನ್ನು ನಾನು ಯಾವ ರೋಗಿಗೂ ಹೇಳಿರಲಿಲ್ಲ. ಹಲ್ಲಿನ ಡಾಕ್ಟರ ಹಲ್ಲೇ ನೆಟ್ಟಗಿಲ್ಲ ಎಂದರೆ ಯಾರು ಬರುತ್ತಾರೆ ಎಂಬುದು ಒಂದು ನೆಪ. ನಾಚಿಕೆಯಾಗುತ್ತಿತ್ತು, ಅದೇ ನಿಜ.

ಯಂತ್ರ ಕೆಳಗಿಟ್ಟು ಮಾಸ್ಕ್ ತೆಗೆದೆ. ದೀಪವನ್ನು ನನ್ನ ಬಾಯಿಯ ಕಡೆ ತಿರುಗಿಸಿ ತುಟಿ ಎತ್ತಿ ತೋರಿಸಿದೆ. ಎಲ್ಲ ಹೇಳಿದೆ. ಏಳೆಂಟು ವರ್ಷ ನನ್ನ ಜೊತೆಗಿದ್ದ ಸಹಾಯಕಿಯೂ ಬಾಯಿ ಬಿಟ್ಟು ನಿಂತಳು.

“ನಂಗ ಬಿಳಿ ಹಲ್ಲು ಬಂತು. ಕೈ ಹೋಗಲಿಲ್ಲ ನೋಡವ್ವ,” ಎಂದೆ. “ನೀ ಹೂಂ ಅಂದ್ರ ಈಗ್ಲೂ ಕೊರೀತೀನಿ. ಆದ್ರ ನಿಮ್ಮ ಮಾವ ಹೇಳಿದ್ದಕ್ಕ ಅಲ್ಲ. ನೀನ ಹೇಳಬೇಕು.”

ಅವಳು ಮಾದರಿ ಹಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮರಗಟ್ಟಿದ ತುಟಿಯಿಂದ ಮಾತು ತೊದಲುತ್ತಿತ್ತು. “ಮೊದಲನೇ ದಿನ ಕ್ಲಿಪ್ ಹಾಕಿ ಫೋಟೊ ತಗದಿದ್ರಲ್ಲರಿ, ಅದನ್ನ ನನ್ನ ಫೋನಿಗೆ ಕಳಸ್ರಿ.”

“ಯಾಕ?”

“ಅವ್ರಿಗೆ ಕಳಸ್ತೀನಿ.” ಅವರು ಎಂದರೆ ಹುಡುಗ. ದಿನವೂ ಮೆಸೇಜು ನಡೆಯುತ್ತಿತ್ತಂತೆ.

“ಹುಚ್ಚಿ, ಅದು ಬ್ಯಾಡ. ಈಗ ಎಷ್ಟೋ ಚಲೋ ಆಗ್ಯಾವು. ಮುಖ ಕಾಣೋ ಹಂಗ ಒಂದು ಒಳ್ಳೆ ಫೋಟೊ ತಗೀತೀನಿ.”

“ಚೆಂದಿರೋದನ್ನ ಅವ್ರು ನೋಡ್ಯಾರ್ರಿ. ನೋಡದ್ದು ಇದು.”

ಕಳಿಸಿದೆ. ಅವಳು ಅಲ್ಲೇ ಕುರ್ಚಿಯಲ್ಲಿ ಕೂತು ಹುಡುಗನಿಗೆ ಕಳಿಸಿದಳು. ಕೆಳಗೆ ಬರೆದದ್ದು ಒಂದೇ ಸಾಲು, ‘ನಮ್ಮೂರ ನೀರಿಂದ ಹಿಂಗಾಗ್ಯಾವು, ಅವತ್ತು ಕೈ ಅಡ್ಡ ಹಿಡಿದಿದ್ದೆ.’ ಸ್ವಲ್ಪ ಹೊತ್ತಿಗೆ ನೀಲಿ ಗುರುತು ಬಿತ್ತು. ಉತ್ತರ ಬರಲಿಲ್ಲ. ಕ್ಯಾಪ್ ಬೇಡವೆಂದು ಹೊರಗಿದ್ದ ಮಾವನಿಗೆ ಅವಳೇ ಹೇಳಿದಳು.

ಸುದ್ದಿ ತಿಳಿದ ತಾಯಿ ಸಂಜೆ ಬಂದು ರೋಗಿಗಳ ಎದುರಿಗೇ ನನ್ನನ್ನು ಬೈದಳು. “ನಿಮಗೂ ಹೆಣ್ಮಕ್ಕಳಿದ್ರ ಹಿಂಗ ಮಾಡ್ತಿದ್ರೇನು? ಮೂರನೇದು ಇದು! ಇದೂ ಹೋದ್ರ ಊರಾಗ ಹೆಂಗ ತಲಿ ಎತ್ತಲಿ?” ಆಕೆ ಮಗಳ ಚೆಂದಕ್ಕೆ ಹಂಬಲಿಸುತ್ತಿದ್ದಾಳೆಂದು ನಾನು ಅಷ್ಟು ದಿನ ತಿಳಿದದ್ದು ತಪ್ಪು. ಎದುರಿನವರ ಕಣ್ಣು ಮಗಳ ಹಲ್ಲಿನ ಮೇಲೆ ನಿಲ್ಲದೆ ಮುಂದೆ ಹೋಗಲಿ, ಅವಳನ್ನು ನೋಡಲಿ ಎನ್ನುವುದಷ್ಟೇ ಆಕೆಗೆ ಬೇಕಾಗಿತ್ತು. ನಾನು ನಾಲ್ಕು ಹಲ್ಲು ಕೊರೆಸಿಕೊಂಡದ್ದೂ ಅದಕ್ಕೇ.

ಮರುದಿನವೂ ಉತ್ತರವಿಲ್ಲ. ಹುಡುಗಿ ಶಾಲೆಗೆ ಹೋಗಿದ್ದಳು. ನಾನು ಮಾತ್ರ ಒಬ್ಬರ ಹಲ್ಲು ಕೀಳುವಾಗಲೂ ಫೋನಿನ ಕಡೆ ಕಿವಿಯಿಟ್ಟು, “ಮೇಡಂ, ಕೀಳೋದು ಎಡಗಡೆದ್ರಿ” ಎಂದು ಸಹಾಯಕಿಯಿಂದ ಹೇಳಿಸಿಕೊಂಡೆ.

ಹನ್ನೊಂದನೆಯ ದಿನ ಮಧ್ಯಾಹ್ನ ಗೊತ್ತಿಲ್ಲದ ನಂಬರು. “ನಾನು ಹಂಪಸಾಗರದಿಂದ್ರಿ, ಹುಡುಗನ ತಾಯಿ.” ಗಟ್ಟಿ ದನಿ, ಸುತ್ತಿ ಬಳಸುವ ಹೆಂಗಸಲ್ಲ. ಅವರು ಕೇಳಿದರೆ ಏನನ್ನೂ ಮುಚ್ಚಬೇಡಿ ಎಂದು ಹುಡುಗಿ ನನಗೆ ಮೊದಲೇ ಹೇಳಿದ್ದಳು.

“ಫೋಟೊ ನನ್ನ ಮಗ ತೋರಿಸಿದ. ಅದೇನು ರೋಗೇನ್ರಿ?”

“ಅಲ್ಲರಿ. ಸಣ್ಣಾಕಿದ್ದಾಗ ಕುಡಿದ ನೀರಿನ ಗುರುತು.”

“ರಕ್ತದಾಗ ಬರೂದೇನು? ನಾಳೆ ಹುಟ್ಟೋ ಕೂಸುಗೋಳಿಗೆ?”

“ರಕ್ತದಾಗ ಇಲ್ಲರಿ. ನಿಮ್ಮ ಹೊಳಿ ನೀರು ಕುಡಿದು ಬೆಳೆದ್ರ ಬರಂಗಿಲ್ಲ.”

ಆ ಕಡೆ ಯಾರೋ ಪಾತ್ರೆ ತೊಳೆಯುವ ಸದ್ದು. “ರೊಟ್ಟಿ ಕಡೀತಾಳಿಲ್ಲ?”

“ನನಗಿಂತ ಚಲೋ ಕಡೀತಾಳ್ರಿ,” ಎಂದೆ. ಅದು ಬರೀ ಮಾತಲ್ಲ.

“ಕೈ ಅಡ್ಡ ಹಿಡಿದಿದ್ದು ನಯ ಅಂತ ನಾ ಊರ ತುಂಬ ಹೇಳಿಕೊಂಡ ಬಂದೀನಿ. ಮೋಸ ಮಾಡಿದ್ಲು ಅಂತ ಎರಡ ದಿನ ಸಿಟ್ಟಿತ್ತು. ಮುಚ್ಚಿಡಾಕಿ ಇದ್ರ ಕಡೀತನಕ ಮುಚ್ಚಿಡ್ತಿದ್ಲು ಅಂದ ನನ್ನ ಮಗ. ಆತು ಬಿಡ್ರಿ, ನಿಶ್ಚಯ ನಡೀತೈತಿ. ಅವತ್ತಿನ ಫೋಟೊದಾಗ ಮಾತ್ರ ಹಲ್ಲು ಸ್ವಲ್ಪ ಬೆಳ್ಳಗ ಮಾಡಸ್ತೀವಿ, ಮಂದಿ ನೋಡ್ತಾರಲ್ಲ.”

ಫೋನಿಟ್ಟ ಮೇಲೆ ನಾನು ಅತ್ತೆ. ಆ ಕೊನೆಯ ಮಾತಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಷ್ಟು ಸಾಕು ಅನ್ನಿಸಿತು.

ನಿಶ್ಚಯದ ಹಿಂದಿನ ದಿನ ಉಳಿದ ಕೆಲಸ ಮುಗಿಸಿದೆ. ಒಸಡು ಮಾಗಿತ್ತು, ಸುಣ್ಣದ ಮಚ್ಚೆ ಕೊಂಚ ಅಡಗಿತ್ತು. ಯಂತ್ರ ಮುಟ್ಟದೆ, ಎರಡು ಗುಳಿಗಳಿಗೆ ಮಾತ್ರ ಹಲ್ಲಿನದೇ ಬಣ್ಣದ ರೆಸಿನ್ ತುಂಬಿ ನುಣುಪು ಮಾಡಿದೆ. ಈ ಸಲ ಅವಳು ಮಾದರಿ ಪಟ್ಟಿಯ ನಡುವಿನದನ್ನು ಆರಿಸಿದಳು. ಹಾಲಿನಂಥ ಬಿಳಿಯಲ್ಲ. ಹತ್ತಿರದಿಂದ ನೋಡಿದರೆ ಕಂದು ನೆರಳು ಇನ್ನೂ ಕಾಣುತ್ತಿತ್ತು.

ನಿಶ್ಚಯಕ್ಕೆ ನನ್ನನ್ನೂ ಕರೆದಿದ್ದರು. ತಾಯಿ ಬಾಗಿಲಲ್ಲಿ “ಬರ್ರಿ” ಎಂದಳು, ಅಷ್ಟೇ. ಹುಡುಗಿ ಮಣೆಯ ಮೇಲೆ ಕೂತು ಎರಡೂ ಕೈಯಿಂದ ಸೆರಗು ಹಿಡಿದಿದ್ದಳು. ಹುಡುಗನ ತಾಯಿ ಕುಪ್ಪಸದ ಕಣ, ಎಲೆ, ಅಡಿಕೆ, ಉತ್ತತ್ತಿ, ಅರಿಶಿನ ಕೊಂಬು ಇಟ್ಟು ಬೊಗಸೆ ಬೊಗಸೆಯಾಗಿ ಅಕ್ಕಿ ಹಾಕಿದರು. ಕೊನೆಗೆ ಇಟ್ಟ ತೆಂಗಿನಕಾಯಿ ಗುಡುಗುಡು ಉರುಳಿ ಅಂಚಿಗೆ ಬಂತು. “ಗಟ್ಟಿ ಹಿಡಿಯವ್ವ, ನನ್ನ ಮಗನಂಗ ಕೈ ತಪ್ಪಿಸಿಕೊಂಡ ಹೋಗ್ತೈತಿ ಅದು!” ಎಂದರು ಆಕೆ.

ಎಲ್ಲರೂ ನಕ್ಕರು. ಹುಡುಗಿಗೂ ನಗು ಒತ್ತರಿಸಿ ಬಂತು. ಅವಳ ಬಲ ಮೊಣಕೈ ಅಲುಗಿದ್ದನ್ನು ನಾನು ನೋಡಿದೆ. ಸೆರಗು ಒಂದಿಷ್ಟು ಜಗ್ಗಿತು, ನಾಲ್ಕು ಕಾಳು ಚೆಲ್ಲಿದವು. ಕೈ ಅಲ್ಲೇ ನಿಂತಿತು. ಅವಳು ಬಾಯಿ ತುಂಬ ನಕ್ಕಳು. ಹಿಂದೆ ಯಾರೋ “ಹಲ್ಲು ನೋಡಿದೇನು?” ಎಂದು ಪಿಸುಗುಟ್ಟಿದರು. ಹುಡುಗನ ತಾಯಿಗೆ ಕೇಳಿರಬೇಕು. ತಿರುಗದೆ ಇನ್ನೊಂದು ಬೊಗಸೆ ಅಕ್ಕಿ ಹಾಕಿದರು.

ನನಗೂ ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಫೋಟೊದವನು ಕ್ಯಾಮೆರಾ ಇಳಿಸಿ ನನ್ನ ಕಡೆ ಕೈ ಮಾಡಿ ಏನೋ ಹೇಳುತ್ತಿದ್ದ, ಗದ್ದಲದಲ್ಲಿ ಕೇಳಲಿಲ್ಲ. ತುಂಬಿದ ಉಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡೇ ಹುಡುಗಿ ನನ್ನತ್ತ ತಿರುಗಿದಳು.

“ಮೇಡಂ, ಕೈ ತಗೀರಿ.”

ಆಗ ಗೊತ್ತಾಯಿತು, ನನ್ನ ಬಲಗೈ ನನ್ನ ಬಾಯಿಯ ಮೇಲಿತ್ತು.